ಕ್ಷೇತ್ರ, ಬೀಜ, ಅಂಬು: ಸಂತಾನಪ್ರಾಪ್ತಿಯಲ್ಲಿ ಆಹಾರದ ಸ್ಥಾನವನ್ನು ಕುರಿತ ಶಾಸ್ತ್ರವಿಚಾರ

೧. ವಿಷಯಪ್ರಸ್ತಾವ

ದಂಪತಿಗಳಿಗೆ ಸಂತಾನವಿಲ್ಲದಿರುವುದಕ್ಕೆ ಕಾರಣವೇನೆಂಬ ಪ್ರಶ್ನೆಗೆ ಲೋಕವು ಕೊಡುತ್ತ ಬಂದ ಉತ್ತರ ಒಂದು, ವೈದ್ಯಶಾಸ್ತ್ರವು ಆದಿಯಲ್ಲಿ ಕೊಟ್ಟ ಉತ್ತರ ಮತ್ತೊಂದು. ಲೋಕದ ಉತ್ತರವೆಲ್ಲ 'ಬಂಜೆ' ಎಂಬ ಒಂದು ಶಬ್ದದಲ್ಲಿ ಅಡಗಿದೆ. ಸಂಸ್ಕೃತದ 'ವಂಧ್ಯಾ' ಎಂಬುದರಿಂದ ಪ್ರಾಕೃತದ ಮೂಲಕ ಕನ್ನಡಕ್ಕೆ ಇಳಿದುಬಂದ ಈ ತದ್ಭವಕ್ಕೆ ರೂಢಿಯಲ್ಲಿ ಪುಲ್ಲಿಂಗರೂಪವೇ ಇಲ್ಲ. ಮಕ್ಕಳಿಲ್ಲದ ಗಂಡಸಿಗೆ ಕನ್ನಡವು ಅಂತಹ ಹೆಸರೊಂದನ್ನು ಇಡಲಿಲ್ಲ, ಹೆಂಗಸಿಗೆ ಇಟ್ಟಿತು. ಆ ಹೆಸರಿನ ಬೆನ್ನಿಗೆ ಶುಭಕಾರ್ಯಗಳಿಂದ ದೂರವಿಡುವುದು, ಸವತಿಯನ್ನು ತರುವುದು ಮೊದಲಾದ ದುಃಖಪರಂಪರೆಯೂ ಬಂದಿತು.

ಆದರೆ ಚರಕಸಂಹಿತೆಯ ಶಾರೀರಸ್ಥಾನದಲ್ಲಿ 'ವಂಧ್ಯ' ಶಬ್ದವು ಪುಲ್ಲಿಂಗದಲ್ಲಿಯೂ ಪ್ರಯುಕ್ತವಾಗಿದೆ. 'ವಂಧ್ಯತ್ವ'ವೆಂಬ ದೋಷವನ್ನು ಅಲ್ಲಿ ಸ್ತ್ರೀಪುರುಷರಿಬ್ಬರಿಗೂ ಸಮಾನವಾಗಿ ಹೇಳಿದೆ. ಆ ದೋಷದ ಕಾರಣಗಳಲ್ಲಿ ಆಹಾರವೂ ಒಂದೆಂದು, ಅದರ ಪರಿಹಾರವೂ ಇಬ್ಬರ ಆಹಾರದಿಂದಲೇ ಮೊದಲಾಗಬೇಕೆಂದು ಸಂಹಿತಾಕಾರರ ಅಭಿಪ್ರಾಯ. ಈ ಅಭಿಪ್ರಾಯದ ಮೂಲವೆಲ್ಲಿ, ಅದಕ್ಕೆ ಆಧಾರವಾದ ಯುಕ್ತಿ ಯಾವುದು, ಮುಂದೆ ಅದು ಹೇಗೆ ಸಂಕೋಚಗೊಂಡಿತು, ಇಂದಿನ ಜ್ಞಾನದ ಒರೆಗಲ್ಲಿನ ಮೇಲೆ ಅದರಲ್ಲಿ ಉಳಿಯುವುದೆಷ್ಟು, ಅಳಿಯುವುದೆಷ್ಟು ಎಂಬುದನ್ನು ಪರ್ಯಾಲೋಚಿಸುವುದೇ ಈ ಲೇಖನದ ಉದ್ದೇಶ.

೨. ಉಪನಿಷತ್ತಿನ ದ್ವಿವಚನ

ಅನ್ನದಿಂದಲೇ ಪ್ರಜೆಗಳು ಹುಟ್ಟುವುವೆಂಬ ಭಾವನೆಯು ಉಪನಿಷತ್ತುಗಳಲ್ಲಿ ಹಲವೆಡೆ ಕಾಣಬರುತ್ತದೆ. ಓಷಧಿಗಳಿಂದ ಅನ್ನ, ಅನ್ನದಿಂದ ಪುರುಷ ಎಂಬ ಕ್ರಮವನ್ನು ತೈತ್ತಿರೀಯವು ಹೇಳುತ್ತದೆ. ಮಳೆಯಿಂದ ಅನ್ನ, ಅನ್ನದಿಂದ ರೇತಸ್ಸು, ರೇತಸ್ಸಿನಿಂದ ಗರ್ಭ ಎಂಬ ಸೋಪಾನವನ್ನು ಛಾಂದೋಗ್ಯದ ಪಂಚಾಗ್ನಿವಿದ್ಯೆಯು ತೋರಿಸುತ್ತದೆ. ಇವು ತತ್ತ್ವನಿರೂಪಣೆಗಳು. ಈ ತತ್ತ್ವವನ್ನು ಗೃಹಸ್ಥನ ಅಡುಗೆಮನೆಗೆ ತಂದಿಳಿಸುವುದು ಬೃಹದಾರಣ್ಯಕದ ಆರನೆಯ ಅಧ್ಯಾಯದ ನಾಲ್ಕನೆಯ ಬ್ರಾಹ್ಮಣ.

ಅಲ್ಲಿ ಐದು ವಿಧವಾದ ಅನ್ನಗಳು ವಿಹಿತವಾಗಿವೆ. ಒಂದು ವೇದವನ್ನು ಬಲ್ಲ ಮಗನು ಬೇಕೆನ್ನುವವರಿಗೆ ಕ್ಷೀರಾನ್ನ. ಎರಡು ವೇದಗಳನ್ನು ಬಲ್ಲವನಾಗಬೇಕೆಂದರೆ ಮೊಸರನ್ನ. ಮೂರಕ್ಕೆ ನೀರಿನಲ್ಲಿ ಬೇಯಿಸಿದ ಅನ್ನ. ಪಂಡಿತೆಯಾದ ಮಗಳು ಬೇಕೆನ್ನುವವರಿಗೆ ಎಳ್ಳಿನ ಅನ್ನ. ಸಕಲವೇದಗಳನ್ನು ಬಲ್ಲ, ಸಭೆಯಲ್ಲಿ ಮಾತನಾಡಬಲ್ಲ ಮಗನಿಗೆ ಮಾಂಸೌದನ. ಇವೆಲ್ಲಕ್ಕೂ ತುಪ್ಪವು ಸಾಮಾನ್ಯ.

ಈ ವಿಧಿಗಳಲ್ಲಿ ವಿಚಾರಣೀಯವಾದ ಅಂಶಗಳು ಎರಡು. ಮೊದಲನೆಯದು ಕ್ರಿಯಾಪದದ ವಚನ. ಐದು ಸ್ಥಳಗಳಲ್ಲಿಯೂ 'ಅಶ್ನೀಯಾತಾಮ್' ಎಂಬ ದ್ವಿವಚನವೇ ಇದೆ. ಉಣ್ಣಬೇಕಾದವರು ಇಬ್ಬರು: ಪತಿಯೂ ಪತ್ನಿಯೂ. ಬೇಯಿಸಿದ ಅನ್ನ ಒಂದೇ, ಉಣ್ಣುವ ಕಾಲ ಒಂದೇ, ಫಲಾಪೇಕ್ಷೆಯೂ ಒಂದೇ. ಎರಡನೆಯದು 'ಪಂಡಿತಾ' ಎಂಬ ಶಬ್ದ. ಮೂಲದಲ್ಲಿ ಅದಕ್ಕೆ ಯಾವ ವಿಶೇಷಣವೂ ಇಲ್ಲ. ಶಂಕರಭಗವತ್ಪಾದರ ಭಾಷ್ಯದಲ್ಲಿ ಮಾತ್ರ, ಸ್ತ್ರೀಗೆ ವೇದಾಧಿಕಾರವಿಲ್ಲವಾದುದರಿಂದ ಅವಳ ಪಾಂಡಿತ್ಯವು ಗೃಹಕೃತ್ಯವಿಷಯಕವಾದುದೆಂಬ ಅರ್ಥವು ಕಾಣುತ್ತದೆ. ಮೂಲದಲ್ಲಿ ವಿಶಾಲವಾಗಿದ್ದ ಪದವು ವ್ಯಾಖ್ಯಾನದಲ್ಲಿ ಕಿರಿದಾಗುವ ಈ ರೀತಿಯು ಪ್ರಕೃತ ವಿಷಯದಲ್ಲಿ ಮುಂದೆಯೂ ಕಾಣಬರುವುದು.

೩. ಸಂಹಿತೆಗಳ ಮತ

ಸುಶ್ರುತಸಂಹಿತೆಯ ಶಾರೀರಸ್ಥಾನದ ಎರಡನೆಯ ಅಧ್ಯಾಯದಲ್ಲಿ ಗರ್ಭೋತ್ಪತ್ತಿಯನ್ನು ಅಂಕುರೋತ್ಪತ್ತಿಗೆ ಹೋಲಿಸಲಾಗಿದೆ. ಋತು, ಕ್ಷೇತ್ರ, ಅಂಬು, ಬೀಜ ಎಂಬ ನಾಲ್ಕೂ ಕೂಡಿದಾಗ ಮೊಳಕೆಯು ಹೇಗೆ ನಿಯತವಾಗಿ ಹುಟ್ಟುವುದೋ ಹಾಗೆಯೇ ವಿಧಿಪೂರ್ವಕವಾದ ಸಮಾಗಮದಲ್ಲಿ ಗರ್ಭವು ಹುಟ್ಟುವುದೆಂಬುದು ಅದರ ತಾತ್ಪರ್ಯ. ಉಪಮಾನಪಕ್ಷದಲ್ಲಿ ಈ ನಾಲ್ಕರ ಅರ್ಥವು ಒಕ್ಕಲಿಗನಿಗೂ ಸ್ಪಷ್ಟ: ಹದ, ಹೊಲ, ನೀರು, ಬಿತ್ತ. ಉಪಮೇಯಪಕ್ಷದಲ್ಲಿ ಅರ್ಥವೇನೆಂಬುದಕ್ಕೆ ಹನ್ನೆರಡನೆಯ ಶತಮಾನದ ವ್ಯಾಖ್ಯಾನಕಾರನಾದ ಡಲ್ಹಣನ ನಿಬಂಧಸಂಗ್ರಹವು ನೆರವಾಗುತ್ತದೆ. ಋತುವೆಂದರೆ ರಜಸ್ಸಿನ ಸಮಯ, ಕ್ಷೇತ್ರವೆಂದರೆ ಗರ್ಭಾಶಯ, ಬೀಜವೆಂದರೆ ಆರ್ತವ ಶುಕ್ರಗಳೆರಡೂ, ಅಂಬುವೆಂದರೆ ಉಂಡ ಆಹಾರವು ಪಕ್ವವಾಗಿ ಹುಟ್ಟಿ ದೇಹವನ್ನೆಲ್ಲ ವ್ಯಾಪಿಸುವ ರಸಧಾತು.

ಈ ವಿವರಣೆಯನ್ನು ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದ ಮತದೊಡನೆ ಹೋಲಿಸಿ ನೋಡಿದರೆ ಭೇದವು ವ್ಯಕ್ತವಾಗುತ್ತದೆ. ಮನುವಿನ ಪ್ರಕಾರ ಸ್ತ್ರೀಯೇ ಕ್ಷೇತ್ರ, ಪುರುಷನೇ ಬೀಜ. ವೈದ್ಯನ ಪ್ರಕಾರ ಕ್ಷೇತ್ರವು ಒಂದು ಅವಯವ ಮಾತ್ರ. ಬೀಜದಲ್ಲಿ ಸ್ತ್ರೀಗೂ ಪಾಲಿದೆ. ಧರ್ಮಶಾಸ್ತ್ರದ ಉಪಮೆಯಲ್ಲಿ ಅಂಬುವಿಗೆ ಸ್ಥಾನವೇ ಇಲ್ಲ. ಏಕೆಂದರೆ ಅಲ್ಲಿ ವಿಚಾರವಾಗುತ್ತಿರುವುದು ಮಗನ ಮೇಲಣ ಸ್ವಾಮ್ಯ. ವೈದ್ಯನಿಗಾದರೋ ಗರ್ಭವು ನಿಲ್ಲುವುದೇ ಪ್ರಯೋಜನವಾದುದರಿಂದ ನೀರೆರೆಯುವ ಪ್ರಶ್ನೆಯು ಅನಿವಾರ್ಯವಾಗಿ ಬರುತ್ತದೆ.

ಚರಕಸಂಹಿತೆಯು ಇದೇ ಮತವನ್ನು ಬೇರೆ ದಾರಿಯಿಂದ ಸಾಧಿಸುತ್ತದೆ. ಶಾರೀರಸ್ಥಾನದ ಮೂರನೆಯ ಅಧ್ಯಾಯದಲ್ಲಿ ಭರದ್ವಾಜನ ಪೂರ್ವಪಕ್ಷವನ್ನು ಖಂಡಿಸುತ್ತ ಆತ್ರೇಯನು, ಗರ್ಭವು ತಾಯಿ, ತಂದೆ, ಆತ್ಮ, ಸಾತ್ಮ್ಯ, ರಸ ಇವುಗಳಿಂದ ಹುಟ್ಟುವುದೆಂದು ಸ್ಥಾಪಿಸುತ್ತಾನೆ. ಈ ಐದರಲ್ಲಿ ಕಡೆಯ ಎರಡು ಆಹಾರಕ್ಕೆ ಸಂಬಂಧಿಸಿದವು. ಸಾತ್ಮ್ಯವೆಂದರೆ ದೇಹಕ್ಕೆ ಒಗ್ಗಿದ, ಹಿತವಾದ ಆಹಾರವಿಹಾರ. ಅದರಿಂದ ದೊರೆಯುವ ಗುಣಗಳನ್ನು ಎಣಿಸುವಾಗ ಆರೋಗ್ಯ, ಇಂದ್ರಿಯಪ್ರಸಾದ ಮೊದಲಾದವುಗಳೊಡನೆ 'ಬೀಜಸಂಪತ್ತ'ನ್ನೂ ಅವನು ಎಣಿಸುತ್ತಾನೆ. ಅಸಾತ್ಮ್ಯವನ್ನು ಸೇವಿಸದಿದ್ದಲ್ಲಿ ಸ್ತ್ರೀಗಾಗಲಿ ಪುರುಷನಿಗಾಗಲಿ ವಂಧ್ಯತ್ವವೇ ಒದಗದೆಂದು ಹೇಳುವಷ್ಟು ದೂರ ಅವನ ಮಾತು ಹೋಗುತ್ತದೆ. ವಾದದ ಭರದಲ್ಲಿ ಬಂದ ಈ ಅತಿವ್ಯಾಪ್ತಿಯನ್ನು ಯಥಾವತ್ತಾಗಿ ಸ್ವೀಕರಿಸಲಾಗದು. ಹಿಂದಿನ ಎರಡನೆಯ ಅಧ್ಯಾಯದಲ್ಲಿಯೇ, ಬಂಜೆಯಲ್ಲದ ಸ್ತ್ರೀಯು ಬಹುಕಾಲ ತಡೆದು ಗರ್ಭಧರಿಸುವುದೇಕೆಂಬ ಪ್ರಶ್ನೆಗೆ ಯೋನಿದೋಷ, ಮನಸ್ತಾಪ, ಶುಕ್ರಾರ್ತವದೋಷ, ಆಹಾರವಿಹಾರದೋಷ, ಅಕಾಲಸಂಯೋಗ, ಬಲಕ್ಷಯ ಎಂದು ಹಲವು ಕಾರಣಗಳನ್ನು ಹೇಳಿದೆ. ಆಹಾರವು ಹಲವರಲ್ಲಿ ಒಂದು ಕಾರಣವೆಂಬುದೇ ಗ್ರಂಥದ ಸಮತೂಕದ ಸಿದ್ಧಾಂತವೆಂದು ತಿಳಿಯಬೇಕು.

ಇನ್ನು ವಿಧಿಭಾಗ. ಶಾರೀರದ ಎಂಟನೆಯ ಅಧ್ಯಾಯವಾದ ಜಾತಿಸೂತ್ರೀಯದಲ್ಲಿ, ಸಂತಾನವನ್ನು ಬಯಸುವ ಸ್ತ್ರೀಪುರುಷರಿಬ್ಬರಿಗೂ ಮೊದಲು ಸ್ನೇಹಸ್ವೇದಗಳನ್ನೂ ವಮನವಿರೇಚನಗಳನ್ನೂ ಮಾಡಿಸಿ, ಕ್ರಮಕ್ರಮವಾಗಿ ಸಹಜವಾದ ಆಹಾರಕ್ಕೆ ತಂದು, ಬಳಿಕ ಪುರುಷನಿಗೆ ಮಧುರೌಷಧಗಳಿಂದ ಸಂಸ್ಕರಿಸಿದ ತುಪ್ಪ ಹಾಲುಗಳನ್ನೂ ಸ್ತ್ರೀಗೆ ಎಳ್ಳೆಣ್ಣೆ ಉದ್ದುಗಳನ್ನೂ ಕೊಡಬೇಕೆಂದು ಹೇಳಿದೆ. ಅತಿಯಾಗಿ ಉಂಡವಳು, ಹಸಿದವಳು, ಬಾಯಾರಿದವಳು, ಹೆದರಿದವಳು, ಶೋಕದಲ್ಲಿರುವವಳು ಗರ್ಭವನ್ನು ಧರಿಸಲಾರಳು, ಧರಿಸಿದರೂ ಸಂತಾನವು ಗುಣಹೀನವಾಗುವುದು ಎಂಬ ಎಚ್ಚರಿಕೆಯೂ ಅಲ್ಲಿಯೇ ಇದೆ. ಪುರುಷನಿಗೂ ಅಂತಹ ಎಚ್ಚರಿಕೆ ಇಲ್ಲದಿಲ್ಲ. ಚಿಕಿತ್ಸಾಸ್ಥಾನದ ಮೂವತ್ತನೆಯ ಅಧ್ಯಾಯದಲ್ಲಿ ಕ್ಲೈಬ್ಯದ ನಾಲ್ಕು ಭೇದಗಳನ್ನು ಹೇಳುವಾಗ ಬೀಜೋಪಘಾತಕ್ಕೆ ತಣ್ಣನೆಯ, ರೂಕ್ಷವಾದ, ಅಲ್ಪವಾದ, ವಿರುದ್ಧವಾದ ಭೋಜನವು ಕಾರಣವೆಂದಿದೆ. ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ, ಅತಿಸ್ಥೂಲನಾದವನಲ್ಲಿ ಮೇದಸ್ಸು ಮಾತ್ರವೇ ಬೆಳೆದು ಶುಕ್ರವು ಕುಂದುವುದೆಂದು ಹೇಳಿದೆ. ಕಡಮೆ ಉಣ್ಣುವುದೂ ದೋಷ, ಮಿತಿಮೀರಿ ಉಣ್ಣುವುದೂ ದೋಷ. ಎರಡೂ ಪುರುಷನಿಗೂ ತಗಲುವ ದೋಷಗಳೇ.

೪. ಒಂದು ಮಾಸದ ನಿಯಮಕ್ಕೆ ಕಾರಣ

ಸುಶ್ರುತನು ಶಾರೀರದ ಎರಡನೆಯ ಅಧ್ಯಾಯದಲ್ಲಿ ಹೇಳುವ ಒಂದು ನಿಯಮವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕಾಗಿದೆ. ಪುರುಷನು ಒಂದು ತಿಂಗಳು ಬ್ರಹ್ಮಚರ್ಯದಲ್ಲಿದ್ದು, ತುಪ್ಪದಿಂದ ಸ್ನಿಗ್ಧನಾಗಿ, ತುಪ್ಪ ಹಾಲುಗಳೊಡನೆ ಶಾಲ್ಯನ್ನವನ್ನು ಉಂಡು, ಹಾಗೆಯೇ ಒಂದು ತಿಂಗಳು ಬ್ರಹ್ಮಚರ್ಯದಲ್ಲಿದ್ದು ಎಣ್ಣೆ ಉದ್ದುಗಳು ಪ್ರಧಾನವಾದ ಆಹಾರವನ್ನು ಸೇವಿಸಿದ ಪತ್ನಿಯನ್ನು ಸೇರಬೇಕು. ಅವಧಿಯು ಇಬ್ಬರಿಗೂ ಸಮಾನ. ಆದರೆ ಹತ್ತು ದಿನವೆನ್ನದೆ, ಒಂದು ಸಂವತ್ಸರವೆನ್ನದೆ, ಮಾಸವೆಂದೇ ಹೇಳಿದುದೇಕೆ?

ಇದಕ್ಕೆ ಉತ್ತರವು ಅದೇ ಗ್ರಂಥದ ಸೂತ್ರಸ್ಥಾನದ ಹದಿನಾಲ್ಕನೆಯ ಅಧ್ಯಾಯದಲ್ಲಿ ದೊರೆಯುವಂತಿದೆ. ಅಲ್ಲಿ ಆಹಾರರಸವು ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆಗಳಾಗಿ ಪರಿಣಮಿಸುತ್ತ ಒಂದೊಂದು ಧಾತುವಿನಲ್ಲಿ ೩೦೧೫ ಕಲೆಗಳ ಕಾಲ ನಿಂತು, ಒಂದು ಮಾಸದಲ್ಲಿ ಪುರುಷನಲ್ಲಿ ಶುಕ್ರವೂ ಸ್ತ್ರೀಯಲ್ಲಿ ಆರ್ತವವೂ ಆಗುತ್ತದೆಂದು ಹೇಳಿದೆ. ಇಂದು ಉಂಡ ಅನ್ನವು ಬೀಜವಾಗಲು ಒಂದು ತಿಂಗಳು ಹಿಡಿಯುವುದಾದರೆ, ಒಳ್ಳೆಯ ಬೀಜವನ್ನು ಬಯಸುವವನು ಒಂದು ತಿಂಗಳು ಮುಂಚಿತವಾಗಿಯೇ ಒಳ್ಳೆಯ ಅನ್ನವನ್ನು ಉಣ್ಣಲು ತೊಡಗಬೇಕು. ಶಾರೀರಸ್ಥಾನದ ವಿಧಿಗೆ ಸೂತ್ರಸ್ಥಾನದ ಧಾತುಪರಿಣಾಮವಾದವೇ ಹೇತುವೆಂದು ಇದರಿಂದ ಊಹಿಸಬಹುದು. ಹೀಗೆ ಓದಿದಾಗ ಮಾಸನಿಯಮವು ವ್ರತದ ಅವಧಿಯಾಗಿ ತೋರದೆ ಪಾಕದ ಅವಧಿಯಾಗಿ ತೋರುತ್ತದೆ. ಬ್ರಹ್ಮಚರ್ಯವೂ ಇಲ್ಲಿ ಕೂಡಿಬಂದ ಬೀಜವನ್ನು ವ್ಯಯಮಾಡದಿರುವ ಉಪಾಯವಾಗಿದೆ.

ಇಬ್ಬರಿಗೂ ಬೇರೆ ಬೇರೆ ಆಹಾರವನ್ನು ವಿಧಿಸಿದುದಕ್ಕೂ ಯುಕ್ತಿಯಿದೆ. ಶುಕ್ರವು ಸೌಮ್ಯ, ಆರ್ತವವು ಆಗ್ನೇಯ ಎಂದು ಸುಶ್ರುತನ ಮತ. ಶೀತವೀರ್ಯವಾದ ಹಾಲು ತುಪ್ಪಗಳು ಮೊದಲನೆಯದಕ್ಕೂ, ಉಷ್ಣವೀರ್ಯವಾದ ಎಳ್ಳು ಉದ್ದುಗಳು ಎರಡನೆಯದಕ್ಕೂ ಪೋಷಕವೆಂದು ಆ ಕಾಲದ ದ್ರವ್ಯವಿಚಾರ. ಈ ಶೀತೋಷ್ಣವಿಭಾಗವು ಇಂದಿನ ವಿಜ್ಞಾನಕ್ಕೆ ಸಮ್ಮತವಲ್ಲ. ಆದರೂ ಎರಡು ಪಟ್ಟಿಗಳಲ್ಲಿಯೂ ಇರುವ ವಸ್ತುಗಳು ಸ್ನೇಹವನ್ನೂ ಬಲವನ್ನೂ ಕೊಡುವ ಉತ್ತಮ ಆಹಾರಗಳೆಂಬುದರಲ್ಲಿ ಸಂದೇಹವಿಲ್ಲ. ಹೆಂಗಸಿನ ಪಾಲಿಗೆ ಉಪವಾಸವನ್ನು ವಿಧಿಸಿಲ್ಲವೆಂಬುದಂತೂ ಮುಖ್ಯ.

ಇದಕ್ಕೆ ಉಪೋದ್ಬಲಕವಾಗಿ ವೃಕ್ಷಾಯುರ್ವೇದದ ಒಂದು ಪ್ರಯೋಗವನ್ನು ನೆನೆಯಬಹುದು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ, ಫಲಬಿಡದ ಮರಕ್ಕೆ ಹುರುಳಿ, ಉದ್ದು, ಹೆಸರು, ಎಳ್ಳು, ಜವೆಗಳನ್ನು ಹಾಲಿನಲ್ಲಿ ಕಾಯಿಸಿ ಆರಿಸಿ ಎರೆಯಬೇಕೆಂದು ವಿಧಿಸುತ್ತಾನೆ. ಹಾಲು, ಎಳ್ಳು, ಉದ್ದು ಎಂಬ ಅದೇ ದ್ರವ್ಯಗಳು ಮನುಷ್ಯರಿಂದ ಮರಕ್ಕೂ ಸಂದಿರುವುದನ್ನು ನೋಡಿದರೆ, ಬೀಜಕ್ಷೇತ್ರಗಳ ಹೋಲಿಕೆಯು ಅವರಿಗೆ ಕೇವಲ ಅಲಂಕಾರವಾಗಿರದೆ ಚಿಕಿತ್ಸೆಗೆ ದಾರಿತೋರುವ ಯುಕ್ತಿಯಾಗಿತ್ತೆಂದು ತಿಳಿಯಬರುತ್ತದೆ. ಫಲಬಿಡದ ಮರವನ್ನು ತೋಟಿಗನು ನಿಂದಿಸುವುದಿಲ್ಲ, ಅದಕ್ಕೆ ಗೊಬ್ಬರ ನೀರುಗಳನ್ನು ಹಾಕುತ್ತಾನೆ.

೫. ಸಂಕೋಚದ ಇತಿಹಾಸ

ಇಂತು ಇಬ್ಬರಿಗೂ ಸಮಾನವಾಗಿದ್ದ ವಿಧಿಯು ಕಾಲಕ್ರಮದಲ್ಲಿ ಎರಡು ಕವಲಾಗಿ ಒಡೆಯಿತು. ಇದರ ಮೊದಲ ಸೂಚನೆಗಳು ಇತಿಹಾಸಕಾವ್ಯಗಳಲ್ಲಿಯೇ ಇವೆ. ವಾಲ್ಮೀಕಿರಾಮಾಯಣದಲ್ಲಿ ದಶರಥನಿಗೆ ಕೌಸಲ್ಯೆ, ಸುಮಿತ್ರೆ, ಕೈಕೇಯಿ ಎಂಬ ಮೂವರು ಮಹಿಷಿಯರಲ್ಲಿಯೂ ಪುತ್ರರಿಲ್ಲ. ಪುತ್ರರಿಲ್ಲದ ದುಃಖವನ್ನು ಕವಿಯು ಮುಖ್ಯವಾಗಿ ರಾಜನ ದುಃಖವಾಗಿಯೇ ವರ್ಣಿಸಿದ್ದಾನೆ. ಆದರೆ ಯಜ್ಞದಲ್ಲಿ ದೊರೆತ ಪಾಯಸವು ಹಂಚಿಹೋಗುವುದು ರಾಣಿಯರಿಗೆ ಮಾತ್ರ. ರಾಜನು ಅದನ್ನು ಉಣ್ಣುವುದಿಲ್ಲ. ಮಹಾಭಾರತದಲ್ಲಿ ಋಚೀಕನ ಚರುವನ್ನು ಉಣ್ಣುವವರೂ ಅವನ ಹೆಂಡತಿ ಮತ್ತು ಅತ್ತೆ. ಭಾಗವತದ ಎಂಟನೆಯ ಸ್ಕಂಧದಲ್ಲಿ ಕಶ್ಯಪನು ಉಪದೇಶಿಸಿದ ಪಯೋವ್ರತವನ್ನು ಹನ್ನೆರಡು ದಿನ ಆಚರಿಸುವವಳು ಅದಿತಿ. ಬೃಹದಾರಣ್ಯಕದ ದ್ವಿವಚನವು ಇಲ್ಲೆಲ್ಲ ಸ್ತ್ರೀಲಿಂಗದ ಪಾಲಾಗಿದೆ. ಈ ಕಥೆಗಳ ಉದ್ದೇಶವು ವೈದ್ಯವಲ್ಲವೆಂಬುದು ನಿಜ. ಆದರೂ ಜನಮನದಲ್ಲಿ ನಿಂತದ್ದು ಸಂಹಿತೆಗಳಿಗಿಂತ ಹೆಚ್ಚಾಗಿ ಈ ಕಥೆಗಳೇ.

ವೈದ್ಯಗ್ರಂಥಗಳಲ್ಲಿಯೂ ಪುರುಷನ ಆಹಾರವಿಧಿಯು ವಾಜೀಕರಣತಂತ್ರವೆಂಬ ಪ್ರತ್ಯೇಕ ಅಂಗವಾಗಿ ಬೆಳೆಯಿತು. ಚರಕನ ಚಿಕಿತ್ಸಾಸ್ಥಾನದ ಎರಡನೆಯ ಅಧ್ಯಾಯದಲ್ಲಿ ಅದರ ಪ್ರಯೋಜನವು ಸಂತಾನವೆಂಬುದು ಇನ್ನೂ ಸ್ಪಷ್ಟವಾಗಿದೆ; ನೆರಳಿಲ್ಲದ ಒಂಟಿ ಮರಕ್ಕೂ ಚಿತ್ರದಲ್ಲಿ ಬರೆದ ದೀಪಕ್ಕೂ ಅಲ್ಲಿ ಹೋಲಿಸಿರುವುದು ಸಂತಾನಹೀನನಾದ ಪುರುಷನನ್ನೇ. ಆದರೆ ಅದೇ ಜಾತಿಯ ಹಾಲು, ತುಪ್ಪ, ಸಕ್ಕರೆ, ಉದ್ದುಗಳ ಯೋಗಗಳು ಕಾಮಸೂತ್ರದ ಕಡೆಯ ಅಧಿಕರಣದಲ್ಲಿಯೂ ಅನಂತರದ ರತಿಶಾಸ್ತ್ರಗಳಲ್ಲಿಯೂ ಭೋಗಸಾಮರ್ಥ್ಯಕ್ಕಾಗಿ ಹೇಳಲ್ಪಟ್ಟವು. ಸಂತಾನಕ್ಕಾಗಿ ಇದ್ದ ಅನ್ನವು ಸುಖಕ್ಕಾಗಿ ಆಯಿತು. ಇತ್ತ ಉತ್ತರಕಾಲದ ಸಂಗ್ರಹಗ್ರಂಥಗಳಲ್ಲಿ ಆದಿವಂಧ್ಯಾ, ಕಾಕವಂಧ್ಯಾ, ಮೃತವತ್ಸಾ ಎಂಬ ಭೇದಗಳು ವಿಸ್ತರಿಸಿದವು. ಇವೆಲ್ಲವೂ ಸ್ತ್ರೀಲಿಂಗ ಶಬ್ದಗಳು. ಧರ್ಮಶಾಸ್ತ್ರದಲ್ಲಿಯಂತೂ, ವಂಧ್ಯೆಯಾದ ಹೆಂಡತಿಯಿರುವಾಗ ಎಂಟನೆಯ ವರ್ಷದಲ್ಲಿ ಬೇರೊಬ್ಬಳನ್ನು ವಿವಾಹವಾಗಬಹುದೆಂದು ಮನುವಿನ ಅನುಮತಿ. ಸ್ವತಂತ್ರ ಭಾರತದಲ್ಲಿ ೧೯೫೫ರ ಹಿಂದೂ ವಿವಾಹ ಕಾಯಿದೆಯು ದ್ವಿಪತ್ನೀತ್ವವನ್ನು ನಿಷೇಧಿಸುವವರೆಗೆ ಈ ಪದ್ಧತಿಯು ಅನೇಕ ಕಡೆಗಳಲ್ಲಿ ನಡೆಯುತ್ತಿತ್ತು. ಒಂದು ಶಬ್ದದ ಲಿಂಗವು ಕಿರಿದಾದುದರ ಫಲವನ್ನು ಅನುಭವಿಸಿದವರು ಎಷ್ಟೋ ಮಂದಿ ಹೆಂಗಸರು.

೬. ಕನ್ನಡನಾಡಿನ ಪರಂಪರೆ

ಈ ಪರಂಪರೆಯಲ್ಲಿ ಕನ್ನಡನಾಡಿನ ವಿಶೇಷವೆಂದರೆ ಜೈನವೈದ್ಯರ ಕಾರ್ಯ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಕಾಲದವನೆಂದು ಪರಿಗಣಿತನಾದ ಉಗ್ರಾದಿತ್ಯನು ಸಂಸ್ಕೃತದಲ್ಲಿ ಕಲ್ಯಾಣಕಾರಕವನ್ನು ರಚಿಸಿ, ಮಾಂಸಭಕ್ಷಣವು ಚಿಕಿತ್ಸೆಗೆ ಅವಶ್ಯವಲ್ಲವೆಂದು ವಾದಿಸಿದನು. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದನ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು; ಅದರ ಚಿಕಿತ್ಸಾಕ್ರಮವು ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿದೆ. ಬೃಹದಾರಣ್ಯಕದ ಮಾಂಸೌದನವನ್ನೂ ಚರಕನ ಮಾಂಸರಸಗಳನ್ನೂ ಬಿಟ್ಟರೂ ಪೋಷಣೆಯು ಸಿದ್ಧಿಸುವುದೆಂಬುದು ಈ ಆಚಾರ್ಯರ ನಿಲುವು. ಬೇಕಾದುದು ಬೃಂಹಣಗುಣ, ಆ ಗುಣವು ಯಾವ ದ್ರವ್ಯದಿಂದ ಬಂದರೂ ಆದೀತೆಂಬ ಈ ವಿವೇಕವು ಶ್ಲಾಘ್ಯವಾದುದು.

ಸುಮಾರು ೧೦೨೫ರಲ್ಲಿ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ಸೂಪಶಾಸ್ತ್ರ, ವೈದ್ಯ, ವೃಕ್ಷಾಯುರ್ವೇದಗಳು ಒಂದೇ ಗ್ರಂಥದ ಪ್ರಕರಣಗಳಾಗಿವೆ. ಅಡುಗೆ, ಔಷಧ, ತೋಟ ಈ ಮೂರನ್ನೂ ಒಬ್ಬ ಗೃಹಸ್ಥನ ಒಂದೇ ವಿದ್ಯೆಯಾಗಿ ನೋಡುವ ಈ ದೃಷ್ಟಿಯು ಮೇಲೆ ಹೇಳಿದ ಅಂಬುವಿಚಾರಕ್ಕೆ ಸಹಜವಾಗಿ ಹೊಂದುತ್ತದೆ.

ಗ್ರಂಥಗಳಿಂದ ಮರೆಯಾದುದು ಕೆಲವೊಮ್ಮೆ ಮನೆಗಳಲ್ಲಿ ಉಳಿದಿರುತ್ತದೆ. ಮೈನೆರೆದ ಹುಡುಗಿಗೆ ಎಳ್ಳು ಬೆಲ್ಲಗಳನ್ನು ಕುಟ್ಟಿದ ಚಿಗಳಿಯನ್ನೂ, ಕೊಬ್ಬರಿ, ತುಪ್ಪ, ಉದ್ದಿನ ತಿಂಡಿಗಳನ್ನೂ ತಿನ್ನಿಸುವ ಪದ್ಧತಿಯು ಕನ್ನಡನಾಡಿನ ಹಲವು ಕಡೆಗಳಲ್ಲಿ ಇದೆ. ಸುಶ್ರುತನು ಸ್ತ್ರೀಗೆ ವಿಧಿಸಿದ ತಿಲ ಮಾಷಗಳೇ ಇವು. ಆದರೆ ಆ ಹುಡುಗಿಯೇ ಸೊಸೆಯಾಗಿ ಬಂದ ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವ ರೂಢಿಯೂ, ಮಕ್ಕಳಾಗದಿದ್ದರೆ ಉಪವಾಸವಿದ್ದು ಅಶ್ವತ್ಥಪ್ರದಕ್ಷಿಣೆ ನಾಗಪೂಜೆಗಳನ್ನು ನಡೆಸುವ ರೂಢಿಯೂ ಇದೇ ನಾಡಿನಲ್ಲಿ ಬೆಳೆದವು. ಶ್ರದ್ಧೆಯನ್ನು ಆಕ್ಷೇಪಿಸಬೇಕಾಗಿಲ್ಲ. ಹಸಿದವಳು ಗರ್ಭಧರಿಸಲಾರಳೆಂದು ಚರಕನು ಎಚ್ಚರಿಸಿರುವಾಗ, ಗರ್ಭಕ್ಕಾಗಿಯೇ ಅವಳನ್ನು ಹಸಿದಿರಿಸುವುದು ಶಾಸ್ತ್ರವಿರುದ್ಧವೆಂದಷ್ಟೇ ಹೇಳಬೇಕಾಗಿದೆ. ೧೯೩೧ರಲ್ಲಿ ಹಲಸಂಗಿಯ ಗೆಳೆಯರು ಪ್ರಕಟಿಸಿದ 'ಗರತಿಯ ಹಾಡು' ಸಂಗ್ರಹವನ್ನು ಓದಿದವರಿಗೆ, ಮಕ್ಕಳಿಲ್ಲದ ಹೆಣ್ಣಿನ ಅಳಲು ಎಷ್ಟು ಆಳವಾದುದೆಂಬುದು ವಿದಿತವೇ ಆಗಿದೆ.

೭. ಇಂದಿನ ಜ್ಞಾನದ ಪರೀಕ್ಷೆ

ಶಾಸ್ತ್ರದ ಈ ಮತವನ್ನು ಇಂದಿನ ಜ್ಞಾನವು ಎಷ್ಟರಮಟ್ಟಿಗೆ ಒಪ್ಪುತ್ತದೆ? ಅಂಬುವಿನ ಅಭಾವದಲ್ಲಿ ಅಂಕುರವಿಲ್ಲವೆಂಬುದನ್ನು ಇತಿಹಾಸದ ದುರಂತಗಳೇ ಸಿದ್ಧಪಡಿಸಿವೆ. ಕನ್ನಡಿಗರು ಧಾತು-ಈಶ್ವರ ಸಂವತ್ಸರಗಳ ಬರವೆಂದು ನೆನೆಯುವ ೧೮೭೬-೭೮ರ ಕ್ಷಾಮದಲ್ಲಿ ಮೈಸೂರು ಸಂಸ್ಥಾನವು ಅಪಾರವಾದ ಜನನಷ್ಟವನ್ನು ಅನುಭವಿಸಿತು. ೧೮೭೧ರಲ್ಲಿ ಸುಮಾರು ೫೦ ಲಕ್ಷವಿದ್ದ ಜನಸಂಖ್ಯೆಯು ೧೮೮೧ರಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿದಿತ್ತು. ಇದರಲ್ಲಿ ಮರಣಗಳ ಪಾಲೇ ಮುಖ್ಯ. ಆದರೆ ಅದೇ ಕ್ಷಾಮದಲ್ಲಿ ನೆರೆಯ ಮದರಾಸು ಪ್ರಾಂತದ ಲೆಕ್ಕಗಳು ಜನನಗಳೂ ಬಹುವಾಗಿ ಕುಗ್ಗಿದುದನ್ನು ತೋರಿಸುತ್ತವೆ. ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಯೂರೋಪಿನಲ್ಲಿದೆ. ಎರಡನೆಯ ಮಹಾಯುದ್ಧದ ಕಡೆಯಲ್ಲಿ, ೧೯೪೪-೪೫ರ ಚಳಿಗಾಲದಲ್ಲಿ, ನೆದರ್ಲೆಂಡ್ಸ್ ದೇಶದ ಪಶ್ಚಿಮಭಾಗದ ಪಟ್ಟಣಗಳಲ್ಲಿ ಒಬ್ಬೊಬ್ಬರ ದಿನದ ಪಡಿಯು ೧೦೦೦ ಕೆಲೊರಿಗಿಂತ ಕೆಳಕ್ಕೆ ಇಳಿಯಿತು. ಒಂಬತ್ತು ತಿಂಗಳ ಬಳಿಕ ಅಲ್ಲಿನ ಜನನಗಳು ಸುಮಾರು ಅರ್ಧಕ್ಕೆ ಇಳಿದವು. ೧೯೪೫ರ ಮೇ ತಿಂಗಳಲ್ಲಿ ದೇಶವು ಬಿಡುಗಡೆಯಾಗಿ ಅನ್ನವು ದೊರೆತ ಮೇಲೆ ಗರ್ಭಧಾರಣೆಗಳು ಬೇಗನೆ ಚೇತರಿಸಿಕೊಂಡವು. ಹೊಲ ಅದೇ, ಬಿತ್ತ ಅದೇ. ನೀರು ಮಾತ್ರ ಬತ್ತಿ ಮತ್ತೆ ಹರಿಯಿತು. ದೇಹದ ಕೊಬ್ಬು ಒಂದು ಮಿತಿಗಿಂತ ಕಡಮೆಯಾದರೆ ಮೆದುಳು ಋತುಚಕ್ರವನ್ನೇ ನಿಲ್ಲಿಸುವುದೆಂಬುದು ಇಂದು ವೈದ್ಯರಿಗೆ ತಿಳಿದ ಸಂಗತಿ. ಅತಿಸ್ಥೌಲ್ಯವು ಅಂಡವಿಸರ್ಜನೆಯನ್ನೂ ಶುಕ್ರಗುಣವನ್ನೂ ಕೆಡಿಸಬಲ್ಲುದೆಂಬುದೂ ಹಾಗೆಯೇ.

ಒಂದೊಂದು ಪೋಷಕಾಂಶದ ವಿಷಯದಲ್ಲಿಯೂ ಶೋಧನೆಗಳು ನಡೆದಿವೆ. ೧೯೨೨ರಲ್ಲಿ ಅಮೆರಿಕದ ಹರ್ಬರ್ಟ್ ಈವಾನ್ಸ್ ಮತ್ತು ಕ್ಯಾಥರೀನ್ ಬಿಷಪ್ ಎಂಬವರು, ಒಂದು ಬಗೆಯ ಆಹಾರದಿಂದ ಇಲಿಗಳು ಬೆಳೆದರೂ ಮರಿಹಾಕಲಾರವೆಂಬುದನ್ನೂ, ಸೊಪ್ಪು ಗೋಧಿಯ ಮೊಳಕೆಗಳಲ್ಲಿರುವ ವಸ್ತುವೊಂದು ಆ ದೋಷವನ್ನು ನೀಗುವುದೆಂಬುದನ್ನೂ ಕಂಡರು. ಆ ವಸ್ತುವಿಗೆ ಮುಂದೆ 'ಟೋಕೋಫೆರಾಲ್' ಎಂಬ ಹೆಸರಾಯಿತು. ಗ್ರೀಕ್ ಮೂಲದಲ್ಲಿ ಇದಕ್ಕೆ ಪ್ರಸವವನ್ನು ತರುವುದೆಂದರ್ಥ. ಶಬ್ದವ್ಯುತ್ಪತ್ತಿಯು ಮೋಹಕವಾಗಿದ್ದರೂ ಇಲಿಗೆ ಸಂದ ಫಲವು ಮನುಷ್ಯರ ವಂಧ್ಯತ್ವಕ್ಕೆ ಔಷಧವಾಗಿ ಸಿದ್ಧಿಸಲಿಲ್ಲ. ಹೆಸರಿನಿಂದಲೇ ವಸ್ತುವನ್ನು ನಿರ್ಣಯಿಸಬಾರದೆಂಬುದಕ್ಕೆ ಇದೊಂದು ದೃಷ್ಟಾಂತ.

ಫೋಲಿಕ್ ಆಮ್ಲದ ಕಥೆಯು ಭಾರತದಲ್ಲಿಯೇ ಆರಂಭವಾಯಿತು. ೧೯೨೮ರಿಂದ ಮುಂಬಯಿಯಲ್ಲಿ ಗರ್ಭಿಣಿಯರ ರಕ್ತಹೀನತೆಯನ್ನು ಪರಿಶೋಧಿಸಿದ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು, ಬಡ ಗಿರಣಿ ಕಾರ್ಮಿಕ ಸ್ತ್ರೀಯರಲ್ಲಿ ಕಂಡ ಆ ರೋಗವು ಆಹಾರದ ಕೊರತೆಯಿಂದ ಬಂದುದೆಂದೂ ಯೀಸ್ಟಿನ ಸಾರದಿಂದ ಗುಣವಾಗುವುದೆಂದೂ ತೋರಿಸಿದರು. ಆ ಸಾರದ ಗುಣವು ಫೋಲಿಕ್ ಆಮ್ಲದ ಕುಲಕ್ಕೆ ಸೇರಿದುದೆಂದು ಬಳಿಕ ಗೊತ್ತಾಯಿತು. ೧೯೯೧ರಲ್ಲಿ ಪ್ರಕಟವಾದ ಬ್ರಿಟನ್ನಿನ ವೈದ್ಯಸಂಶೋಧನ ಮಂಡಲಿಯ ಪರೀಕ್ಷೆಯು, ಮೊದಲೊಮ್ಮೆ ನರನಾಳದೋಷವುಳ್ಳ ಶಿಶುವನ್ನು ಹೆತ್ತ ತಾಯಂದಿರು ಗರ್ಭಧಾರಣೆಗೆ ಮೊದಲೇ ಈ ಆಮ್ಲವನ್ನು ಸೇವಿಸಿದರೆ ದೋಷವು ಮರುಕಳಿಸುವ ಸಂಭವವು ನೂರಕ್ಕೆ ೭೨ರಷ್ಟು ತಗ್ಗುವುದೆಂದು ಸಿದ್ಧಪಡಿಸಿತು. ಗರ್ಭದ ನರನಾಳವು ಸುಮಾರು ೨೮ನೆಯ ದಿನದೊಳಗಾಗಿ ಮುಚ್ಚಿಕೊಳ್ಳುವುದರಿಂದ, ಗರ್ಭವು ತಿಳಿದುಬಂದ ಮೇಲೆ ತೊಡಗಿದರೆ ತಡವಾಗುತ್ತದೆ. ಆದಕಾರಣ ಒಂದು ತಿಂಗಳಾದರೂ ಮೊದಲೇ ಆರಂಭಿಸಬೇಕೆಂದು ಇಂದಿನ ವೈದ್ಯರು ಹೇಳುತ್ತಾರೆ. ಪುರುಷಬೀಜವು ಪಕ್ವ ರೂಪಕ್ಕೆ ಬರಲು ಸುಮಾರು ೭೪ ದಿನಗಳು ಬೇಕೆಂಬುದೂ ತಿಳಿದಿದೆ.

ಇಲ್ಲಿ ಸುಶ್ರುತನ ಮಾಸದೊಡನೆ ಇಂದಿನ ಮಾಸವು ಹೊಂದಿದುದನ್ನು ಕಂಡು, ಪ್ರಾಚೀನರು ಇದನ್ನೆಲ್ಲ ಮೊದಲೇ ಬಲ್ಲವರಾಗಿದ್ದರೆಂದು ಹೇಳುವುದು ಸಾಹಸವಾದೀತು. ಸಂಖ್ಯೆಯ ಹೊಂದಿಕೆಯು ಆಕಸ್ಮಿಕ. ಹೇತುಗಳು ಬೇರೆ ಬೇರೆ. ಹೊಂದಿರುವುದು ತತ್ತ್ವ: ಬೀಜವು ಒಂದು ದಿನದಲ್ಲಿ ಸಿದ್ಧವಾಗುವುದಿಲ್ಲ, ಆದುದರಿಂದ ಪೋಷಣೆಯು ಗರ್ಭಕ್ಕಿಂತ ಮುಂಚೆಯೇ, ಇಬ್ಬರಲ್ಲಿಯೂ, ತೊಡಗಬೇಕು.

ಅಳಿಯುವ ಅಂಶಗಳನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಸಮವಿಷಮ ರಾತ್ರಿಗಳಿಂದ ಗಂಡು ಹೆಣ್ಣುಗಳಾಗುವುದೆಂಬುದೂ, ಆಹಾರದಿಂದ ಶಿಶುವಿನ ಮೈಬಣ್ಣವನ್ನು ನಿಯಮಿಸಬಹುದೆಂಬುದೂ ಪ್ರಮಾಣಕ್ಕೆ ನಿಲ್ಲುವುದಿಲ್ಲ. ಶಿಶುವಿನ ಲಿಂಗವು ಪುರುಷಬೀಜದಲ್ಲಿರುವ ವರ್ಣತಂತುವಿನಿಂದ ನಿರ್ಧಾರವಾಗುತ್ತದೆ. ಹೆಣ್ಣು ಹೆತ್ತವಳನ್ನು ದೂಷಿಸುವುದಕ್ಕೆ ಅಲ್ಲಿಯೂ ಆಧಾರವಿಲ್ಲ. ಆಹಾರವೊಂದರಿಂದಲೇ ಎಲ್ಲ ವಂಧ್ಯತ್ವವೂ ನೀಗುವುದೆಂಬ ಮಾತೂ ನಿಲ್ಲದು. ಮುಚ್ಚಿದ ಗರ್ಭನಾಳವನ್ನು ಹಾಲು ತುಪ್ಪಗಳು ತೆರೆಯಲಾರವು. ೨೦೨೦ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ೨೩೭೦ ದಂಪತಿಗಳ ಪೈಕಿ ಪುರುಷರಿಗೆ ಫೋಲಿಕ್ ಆಮ್ಲವನ್ನೂ ಸತುವನ್ನೂ ಕೊಟ್ಟು ನೋಡಿದಾಗ ಸಂತಾನಪ್ರಾಪ್ತಿಯಲ್ಲಿ ಯಾವ ಹೆಚ್ಚಳವೂ ಕಂಡುಬರಲಿಲ್ಲ. ಗುಳಿಗೆಯು ಅನ್ನಕ್ಕೆ ಬದಲಾಗಲಾರದೆಂಬುದನ್ನು ಇದರಿಂದ ತಿಳಿಯಬಹುದು.

೮. ಉಪಸಂಹಾರ

ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಲೋಕದಲ್ಲಿ ಸುಮಾರು ಆರು ಮಂದಿಯಲ್ಲಿ ಒಬ್ಬರು ತಮ್ಮ ಆಯುಷ್ಯದಲ್ಲಿ ಒಮ್ಮೆಯಾದರೂ ವಂಧ್ಯತ್ವದ ತೊಂದರೆಯನ್ನು ಅನುಭವಿಸುತ್ತಾರೆ. ಅಂತಹ ಪ್ರಸಂಗಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಪುರುಷನ ಕಡೆಯ ಕಾರಣವೂ ಒಂಟಿಯಾಗಿ ಅಥವಾ ಜೊತೆಗೂಡಿ ಇರುತ್ತದೆಂದು ವೈದ್ಯರ ಮತ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ೧೫ರಿಂದ ೪೯ ವರ್ಷದೊಳಗಿನ ಸ್ತ್ರೀಯರಲ್ಲಿ ನೂರಕ್ಕೆ ೫೭ ಮಂದಿ ರಕ್ತಹೀನತೆಯುಳ್ಳವರು. ಅದೇ ವಯಸ್ಸಿನ ಪುರುಷರಲ್ಲಿ ೨೫ ಮಂದಿ. ಈ ಅಂತರಕ್ಕೆ ದೇಹಧರ್ಮವೂ ಒಂದು ಕಾರಣ. ಕಡೆಯಲ್ಲಿ ಉಣ್ಣುವ ರೂಢಿಯೂ ಒಂದು ಕಾರಣವಾಗಿರಬಹುದು. ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆಯನ್ನು ಕರ್ನಾಟಕ ಸರ್ಕಾರವು ೨೦೧೭ರ ಅಕ್ಟೋಬರ್ ೨ರಂದು ಆರಂಭಿಸಿತು. ಇದು ಸ್ತುತ್ಯವೇ, ಆದರೆ ಸಂಹಿತೆಯ ವಿಧಿಯು ಗರ್ಭಕ್ಕೆ ಮೊದಲೇ ಆರಂಭವಾಗುತ್ತದೆಂಬುದನ್ನು ಮರೆಯಬಾರದು.

ಇದುವರೆಗಿನ ವಿಚಾರದಿಂದ ಮೂರು ಸಂಗತಿಗಳು ಸ್ಥಾಪಿತವಾಗುತ್ತವೆ. ಉಪನಿಷತ್ತಿನಲ್ಲಿಯೂ ಸಂಹಿತೆಗಳಲ್ಲಿಯೂ ಸಂತಾನಾರ್ಥವಾದ ಆಹಾರವು ದಂಪತಿಗಳಿಬ್ಬರಿಗೂ ವಿಹಿತವಾಗಿದೆ. ಸುಶ್ರುತನ ಮಾಸನಿಯಮಕ್ಕೆ ಅನ್ನವು ಬೀಜವಾಗುವ ಕಾಲವೇ ಹೇತುವೆಂದು ಊಹಿಸಲು ಗ್ರಂಥದಲ್ಲಿಯೇ ಆಧಾರವಿದೆ. ವಂಧ್ಯತ್ವವನ್ನು ಸ್ತ್ರೀಯೊಬ್ಬಳ ಮೇಲೆ ಹೊರಿಸಿದುದು ಪ್ರಾಚೀನ ವೈದ್ಯದ ಮತವಲ್ಲ. ಉತ್ತರಕಾಲದ ಸಂಕೋಚದಿಂದ ಬಂದುದು. ಸಾಹಿತ್ಯವನ್ನು ಬೋಧಿಸುವವರು 'ಬಂಜೆ' ಎಂಬ ಶಬ್ದವನ್ನು ವಿವರಿಸಬೇಕಾಗಿ ಬಂದಾಗ ಅದರ ವ್ಯುತ್ಪತ್ತಿಯೊಡನೆ, ಚರಕನಲ್ಲಿ ಅದರ ಮೂಲಶಬ್ದಕ್ಕೆ ಪುಲ್ಲಿಂಗವೂ ಇತ್ತೆಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸುವುದು ಯುಕ್ತ.